ಕ್ರೈಸ್ತ ಓದುಗರಿಗೆ ಒಂದು ಪ್ರಶ್ನೆ: ಕೊಲೆ ಕಥೆ ಓದಿದರೆ ತಪ್ಪಾ, ಸ್ಫೂರ್ತಿ ಪುಸ್ತಕ ಓದಿದರೆ ಸರಿನಾ?

ಕ್ಯಾಂಪ್ ಓದುಗಿ, ಬೆಳಗಾವಿ

ನಾನು ಮೆಥೋಡಿಸ್ಟ್ ಮನೆಯವಳು. ಓದುವುದು ಹೆಚ್ಚಾಗಿ ಮೂರು ಬಗೆ: ವ್ಯಕ್ತಿತ್ವ ವಿಕಸನ, ಧ್ಯಾನದ ಪುಸ್ತಕ, ಸಸ್ಪೆನ್ಸ್. ಮೊದಲ ಎರಡು ಕೈಯಲ್ಲಿದ್ದರೆ ಚರ್ಚಿನವರು ಮೆಚ್ಚುತ್ತಾರೆ. ಮೂರನೆಯದು ಕಂಡರೆ "ಇನ್ನೂ ಕೊಲೆ ಕಥೆ ಓದ್ತೀರಾ ಅಕ್ಕಾ?" ಅಂತ ಕೇಳುತ್ತಾರೆ. ನನ್ನ ಲೆಕ್ಕ ಪೂರಾ ಉಲ್ಟಾ. ಈ ಮೂರರಲ್ಲಿ ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ಹತ್ತಿರ ಇರುವುದು ಸಸ್ಪೆನ್ಸ್. ದೂರ ಇರುವುದು ವ್ಯಕ್ತಿತ್ವ ವಿಕಸನ.

ಒಳ್ಳೆಯ ಪತ್ತೇದಾರಿ ಕಥೆ ಎಲ್ಲಿಂದ ಶುರುವಾಗುತ್ತದೆ? ಇಲ್ಲೊಂದು ಅನ್ಯಾಯ ಆಗಿದೆ, ಯಾರೋ ಮಾಡಿದ್ದಾರೆ, ಅವರು ಉತ್ತರ ಕೊಡಬೇಕು. ಇಷ್ಟೇ ಅಲ್ವಾ? ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ 4ನೇ ಅಧ್ಯಾಯ ತೆಗೆಯಿರಿ. ಮನುಷ್ಯರ ಕಥೆ ಶುರುವಾಗಿ ಇನ್ನೂ ನಾಲ್ಕು ಪುಟ ಆಗಿಲ್ಲ, ಆಗಲೇ ಒಂದು ಕೊಲೆ. ವಿಚಾರಣೆಯೂ ಇದೆ. ನಿನ್ನ ತಮ್ಮ ಎಲ್ಲಿ ಅಂತ ದೇವರು ಕಾಯಿನನನ್ನು ಕೇಳುತ್ತಾನೆ. ಕಾಯಿನ ಸುಳ್ಳು ಹೇಳುತ್ತಾನೆ. ಸಾಕ್ಷಿ ನೆಲದಿಂದ ಬರುತ್ತದೆ, ಹೇಬೆಲನ ರಕ್ತ ಕೂಗುತ್ತದೆ. ಸತ್ತವನಿಗೆ ಒಂದು ಲೆಕ್ಕ ಸಿಗಲೇಬೇಕು ಅನ್ನುವ ಹಟ ಅಲ್ಲಿದೆ. ನನಗೆ ಪತ್ತೇದಾರಿ ಕಥೆಯಲ್ಲಿ ಹಿಡಿಸುವುದೂ ಅದೇ ಹಟ.

ವ್ಯಕ್ತಿತ್ವ ವಿಕಸನದ ಪುಸ್ತಕದಲ್ಲಿ ಅನ್ಯಾಯವೇ ಇರುವುದಿಲ್ಲ. ಅಲ್ಲಿರುವುದು ನಿಮ್ಮ ಮನೋಭಾವ ಮಾತ್ರ. ಕೆಲಸ ಹೋಯಿತಾ? ನೀವು ಸರಿಯಾಗಿ ಯೋಚಿಸಲಿಲ್ಲ. ಕಾಯಿಲೆ ಬಂತಾ? ಒಳಗೆಲ್ಲೋ ನೆಗೆಟಿವ್ ಇದೆ. ಸತ್ಯವೇದದಲ್ಲಿ ತಪ್ಪಿಲ್ಲದೆಯೂ ಎಲ್ಲ ಕಳೆದುಕೊಂಡ ಯೋಬನ ಮುಂದೆ ಕೂತು ಅವನ ಗೆಳೆಯರು ಹೇಳಿದ್ದು ಇದನ್ನೇ: ನಿನ್ನಲ್ಲೇ ಏನೋ ದೋಷ ಇದೆ, ಸರಿಪಡಿಸಿಕೋ, ಎಲ್ಲ ಸರಿಹೋಗುತ್ತದೆ. ಕಡೆಯ ಅಧ್ಯಾಯದಲ್ಲಿ ದೇವರು ಬೈದದ್ದು ಯೋಬನನ್ನಲ್ಲ, ಆ ಗೆಳೆಯರನ್ನು.

ಇಂಥ ಪುಸ್ತಕಗಳನ್ನು ಬೆಳೆಸಿದ್ದರಲ್ಲಿ ನಮ್ಮವರ ಪಾಲೂ ಇದೆ. 1952ರಲ್ಲಿ ಬಂದ ನಾರ್ಮನ್ ವಿನ್ಸೆಂಟ್ ಪೀಲ್ ಅವರ ಪುಸ್ತಕ ಗೊತ್ತಲ್ಲ, ಸಕಾರಾತ್ಮಕ ಚಿಂತನೆಯ ಶಕ್ತಿಯ ಬಗ್ಗೆ? ಅವರು ನ್ಯೂಯಾರ್ಕಿನ ಒಂದು ಚರ್ಚಿನ ಪಾದ್ರಿ. ಅಲ್ಲಿನ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿಯಲ್ಲಿ ಅದು 186 ವಾರ ಇತ್ತು. ಇವತ್ತು ಖಡೇಬಜಾರಿನ ಕಡೆ ಬಟ್ಟೆ ಹಾಸಿ ಹರಡಿಟ್ಟ ಎಷ್ಟೋ ಪುಸ್ತಕಗಳು ಅದರ ವಂಶದವೇ. ಯೇಸುವಿನ ಹೆಸರು ಬಿಟ್ಟುಹೋಗಿದೆ. 'ನಂಬು, ಆಗುತ್ತದೆ' ಅನ್ನುವುದಷ್ಟೇ ಉಳಿದಿದೆ.

ಧ್ಯಾನದ ಪುಸ್ತಕಗಳ ಜೊತೆ ನನಗೆ ಜಗಳ ಇಲ್ಲ, ಸಣ್ಣ ಗೊಣಗಾಟ ಇದೆ. ದಿನಕ್ಕೊಂದು ಪುಟ, ಮೇಲೊಂದು ವಾಕ್ಯ, ಕೆಳಗೊಂದು ಪ್ರಾರ್ಥನೆ. ಚೆನ್ನಾಗಿದೆ. ಆದರೆ ಸತ್ಯವೇದದಲ್ಲಿ ಕೀರ್ತನೆಗಳು 150 ಇವೆ. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಅಳು, ದೂರು, ಜಗಳ. ನಮ್ಮ ಕೈಗೆ ಬರುವ ದಿನಧ್ಯಾನಗಳಲ್ಲಿ ಮಾತ್ರ 23ನೇ ಕೀರ್ತನೆಯ ಹಸಿರು ಹುಲ್ಲುಗಾವಲೇ ಜಾಸ್ತಿ.

ನಿಮಗೇನನಿಸುತ್ತದೆ? ಬೈಯುವವರೂ ಬರಲಿ.

ನಿವೃತ್ತ ಮಾಸ್ತರ್, ಗುಳೇದಗುಡ್ಡ

ತಂಗಿ, ಬೈಯಲು ನಾನೇ ಮೊದಲು ಬಂದೆ. ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ಮೂರು ಬಗೆ ಅಂತ ಗೆರೆ ಎಳೆದಿರಲ್ಲ, ಆ ಗೆರೆ ಅಂಗಡಿಯವರದು. ಯಾವ ಕಪಾಟಿನಲ್ಲಿ ಇಡಬೇಕು ಅಂತ ಅವರಿಗೆ ಚಿಂತೆ. ಓದುವವರು ಅದನ್ನು ಯಾಕೆ ಒಪ್ಪಬೇಕು? ಜಾನ್ ಬನ್ಯನ್ ಬರೆದ 'ಯಾತ್ರಿಕನ ಸಂಚಾರ' ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬಂದದ್ದು 1678. ಅನುಮತಿ ಇಲ್ಲದೆ ಬೋಧನೆ ಮಾಡಿದ ಅಂತ ಆ ಮನುಷ್ಯನನ್ನು ಬೆಡ್‌ಫರ್ಡ್ ಜೈಲಿನಲ್ಲಿ 12 ವರ್ಷ ಇಟ್ಟಿದ್ದರು. ಪಾತ್ರೆ ತೇಪೆ ಹಾಕುವ ಕಸುಬಿನವನು, ದೊಡ್ಡ ಓದು ಇರಲಿಲ್ಲ. ಆ ಪುಸ್ತಕದಲ್ಲಿ ಧ್ಯಾನ ಇದೆಯಾ? ಇದೆ. ಧೈರ್ಯ ಕೊಡುತ್ತದಾ? ಕೊಡುತ್ತದೆ. ಸಸ್ಪೆನ್ಸ್? ನನ್ನ ಅಜ್ಜಿ ರಾತ್ರಿ ಓದಿಸುತ್ತಿದ್ದರು. ಹತಾಶೆ ಎಂಬ ರಾಕ್ಷಸ ಇಬ್ಬರು ಯಾತ್ರಿಕರನ್ನು ಹಿಡಿದು ಸಂಶಯದ ಕೋಟೆಯೊಳಗೆ ಕೂಡಿಹಾಕುತ್ತಾನೆ. ಬಡಿಯುತ್ತಾನೆ. ನೀವೇ ನಿಮ್ಮ ಪ್ರಾಣ ತೆಗೆದುಕೊಳ್ಳಿ ಅಂತಾನೆ. ಅಜ್ಜಿ ಅಲ್ಲಿಗೆ ಪುಸ್ತಕ ಮುಚ್ಚಿ ದೀಪ ಆರಿಸುತ್ತಿದ್ದರು. ಯಾವ ಥ್ರಿಲ್ಲರಿಗೆ ಕಡಿಮೆ ಹೇಳಿ? ಬೀಗದ ಕೈ ಎಲ್ಲಿತ್ತು ಅಂತ ನಾನು ಇಲ್ಲಿ ಹೇಳುವುದಿಲ್ಲ.

ಇನ್ನೊಂದು ಮಾತು. ಭಕ್ತಿ ಪುಸ್ತಕ ಅಂದರೆ ಬರೀ ನಮ್ಮವರು ಬರೆದದ್ದು ಅಂತ ಯಾಕೆ ಅಂದುಕೊಳ್ಳಬೇಕು? ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಪಾದ್ರಿ. ಊರೂರು ಸುತ್ತಿ ಸರ್ವಜ್ಞನ ವಚನ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಭಾನುವಾರ ಬೋಧನೆ, ಉಳಿದ ದಿನ ಸರ್ವಜ್ಞ. ಅವರಿಗೆ ಇದು ಯಾವ ಕಪಾಟಿನದು ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೂ ಅವರು ಬಿಡುತ್ತಿರಲಿಲ್ಲ.

ಪಿಡಿಒ ಆಕಾಂಕ್ಷಿ, ವಿಜಯಪುರ

ನಮಸ್ಕಾರ ರೀ. ನಾನು ಕ್ರೈಸ್ತ ಅಲ್ಲ, ಲಿಂಗಾಯತರ ಮನೆ. ಆದರೂ ಬರೀತೀನಿ, ಅಕ್ಕಾವರು ಸ್ಫೂರ್ತಿ ಪುಸ್ತಕಗಳ ಮೇಲೆ ಜಾಸ್ತಿನೇ ಹರಿಹಾಯ್ದಿದ್ದಾರೆ.

ನಮ್ಮ ರೂಮಿನಲ್ಲಿ ನಾಲ್ಕು ಮಂದಿ ಇದ್ದೇವೆ. ಎಲ್ಲರೂ ಹಳ್ಳಿಯಿಂದ ಬಂದವರು. ಒಬ್ಬ ಕೆಪಿಎಸ್‌ಸಿ, ಒಬ್ಬ ಪಿಎಸ್‌ಐ, ನಾನು ಪಿಡಿಒ. ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶ ಕೋರ್ಟಿಗೆ ಹೋಗುತ್ತದೆ, ವಯಸ್ಸು ಹೋಗುತ್ತಲೇ ಇರುತ್ತದೆ. ಊರಿನಿಂದ ಅಪ್ಪ ಫೋನ್ ಮಾಡಿ "ಏನಾತಪಾ?" ಅಂದರೆ ಏನು ಹೇಳಬೇಕು? ಆ ರಾತ್ರಿ ನನಗೆ ಕೊಲೆಗಾರ ಯಾರು ಅಂತ ಬೇಕಾಗಿಲ್ಲ. ಬೆಳಗ್ಗೆ ಐದಕ್ಕೆ ಏಳಲು ಏನಾದರೂ ಬೇಕು. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ನಮ್ಮ ರೂಮಿನಲ್ಲಿ ಕೈಯಿಂದ ಕೈಗೆ ಹೋಗಿ ಹೋಗಿ ಬೈಂಡು ಬಿಟ್ಟಿದೆ. ಸಿದ್ಧೇಶ್ವರ ಅಪ್ಪಾವರ ಪ್ರವಚನ ಯೂಟ್ಯೂಬಿನಲ್ಲಿ ಹಾಕಿಕೊಂಡು ಮಲಗುತ್ತೇವೆ. ಅವರು 2023ರ ಜನವರಿಯಲ್ಲಿ ಹೋದಾಗ ಇಡೀ ಊರೇ ರಸ್ತೆಗೆ ಬಂದಿತ್ತು. ಅವರ ಮಾತು ಕೇಳಿದರೆ ಯಾರೂ ಬೈದ ಹಾಗೆ ಅನಿಸುವುದಿಲ್ಲ.

ಮತ್ತೆ ಯಂಡಮೂರಿ ವೀರೇಂದ್ರನಾಥರನ್ನು ಎಲ್ಲಿಡುತ್ತೀರಿ? 'ತುಳಸಿದಳ' ಬರೆದು ನಮ್ಮ ಅವ್ವನ ಕಾಲದವರನ್ನು ಹೆದರಿಸಿದವರೂ ಅವರೇ, ಆಮೇಲೆ ವಿಜಯದ ಮೆಟ್ಟಿಲು ತೋರಿಸಿದವರೂ ಅವರೇ. ಇಬ್ಬರೂ ಒಬ್ಬರೇ ಲೇಖಕರು!

ನನ್ನ ತಕರಾರು ಇಷ್ಟೇ. ಹೊಟ್ಟೆ ತುಂಬಿದವರಿಗೆ ಸ್ಫೂರ್ತಿ ಪುಸ್ತಕ ಬೈಯುವುದು ಸುಲಭ.

ಕ್ಯಾಂಪ್ ಓದುಗಿ, ಬೆಳಗಾವಿ

ತಮ್ಮಾ, ಏಟು ಸರಿಯಾದ ಜಾಗಕ್ಕೇ ಬಿತ್ತು. ಆದರೆ ನನ್ನ ಸಿಟ್ಟು ಧೈರ್ಯ ಹೇಳುವವರ ಮೇಲಲ್ಲ. ಗಡುವು ಕೊಡುವವರ ಮೇಲೆ.

ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ, ಗೋಡೆಯ ಮೇಲೆ ಒಂದು ವಾಕ್ಯ ಇರುತ್ತದೆ. ಯೆರೆಮೀಯ 29:11. ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದೇನೆ, ನಿರೀಕ್ಷೆ ಕೊಡುತ್ತೇನೆ ಅನ್ನುವ ಅರ್ಥದ್ದು. ಮಕ್ಕಳ ಪರೀಕ್ಷೆಗೆ, ಹೊಸ ಅಂಗಡಿಗೆ, ಮದುವೆಗೆ ಎಲ್ಲದಕ್ಕೂ ಅದೇ. ಅದರ ಹಿಂದಿನ ವಾಕ್ಯ ಯಾರೂ ಗೋಡೆಗೆ ಹಾಕುವುದಿಲ್ಲ. ಅಲ್ಲಿ 70 ವರ್ಷ ಅಂತ ಇದೆ. ಬಾಬೆಲಿಗೆ ಸೆರೆ ಹೋದ ಯಹೂದಿಗಳಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ ಅಂತಾನೆ. ಅಂದರೆ ಓದಿದವರಲ್ಲಿ ಬಹಳ ಜನ ವಾಪಸ್ಸು ಹೋಗುವುದನ್ನು ನೋಡುವುದೇ ಇಲ್ಲ.

ಇನ್ನೂ ಒಂದು ಅಧ್ಯಾಯ ಹಿಂದೆ ಹೋಗಿ. 28ರಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಎಲ್ಲರ ಮುಂದೆ ನಿಂತು, ಎರಡೇ ವರ್ಷ, ಎಲ್ಲ ವಾಪಸ್ಸು ಬರುತ್ತದೆ ಅಂತಾನೆ. ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗ ಕಿತ್ತು ಮುರಿದೇಬಿಡುತ್ತಾನೆ. ಜನ ಚಪ್ಪಾಳೆ ಹೊಡೆದಿರಬೇಕು, ನನಗೆ ಹಾಗೇ ಕಾಣುತ್ತದೆ. ಹನನ್ಯನೂ ದೇವರ ಹೆಸರಿನಲ್ಲೇ ಹೇಳಿದ್ದು. ಅದು ಸುಳ್ಳಾಗಿತ್ತು. ನಾನು ಬೈಯುವುದು ಆ ಹನನ್ಯನನ್ನು. ಅವನು ಈಗ ಹೋಟೆಲ್ ಹಾಲಿನಲ್ಲಿ ಮೈಕ್ ಹಿಡಿದು ಸೆಮಿನಾರ್ ಮಾಡುತ್ತಾನೆ.

ಹಾಗೇ ಅಪೊಸ್ತಲ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 4:13. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಅಂತ ಜಿಮ್ಮಿನ ಗೋಡೆಯಲ್ಲೂ ಬರೆಯುತ್ತಾರೆ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ. ಅದಕ್ಕಿಂತ ಮುಂಚೆ ಅವನು ಹೇಳುವುದು, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತಿದ್ದೇನೆ ಅಂತ. ಗೆಲ್ಲುತ್ತೇನೆ ಅಂತಲ್ಲ, ತಡೆದುಕೊಳ್ಳುತ್ತೇನೆ ಅಂತ. ನಿನ್ನ ಅಪ್ಪನ ಫೋನ್ ಬಂದ ರಾತ್ರಿಗೆ ಅದು ಹೆಚ್ಚು ಹತ್ತಿರ ಅಲ್ವಾ?

ಒಂದು ಪುಸ್ತಕ ಹೇಳುತ್ತೇನೆ. ವಿಯೆನ್ನಾದ ಯಹೂದಿ ವೈದ್ಯ ವಿಕ್ಟರ್ ಫ್ರಾಂಕ್ಲ್ ಬರೆದದ್ದು. ನಾಜಿಗಳ ಶಿಬಿರದಿಂದ ಬದುಕಿ ಬಂದರು. ಅಪ್ಪ, ಅವ್ವ, ಅಣ್ಣ, ಹೆಂಡತಿ ಯಾರೂ ಉಳಿದಿರಲಿಲ್ಲ. ಆ ಪುಸ್ತಕ ಬಂದದ್ದು 1946ರಲ್ಲಿ. ಬದುಕಿಗೆ ಅರ್ಥ ಹುಡುಕುವ ಬಗ್ಗೆ. ಅದನ್ನೂ ಅಂಗಡಿಯವರು ವ್ಯಕ್ತಿತ್ವ ವಿಕಸನದ ಸಾಲಿನಲ್ಲೇ ಇಡುತ್ತಾರೆ, ಮಾಸ್ತರ್ ಹೇಳಿದ ಹಾಗೆ. ಅದರಲ್ಲಿ ಗಡುವು ಇಲ್ಲ. ಕ್ರಿಸ್‌ಮಸ್ಸಿಗೆ ಬಿಡುಗಡೆ ಆಗುತ್ತದೆ ಅಂತ ದಿನ ಎಣಿಸಿದವರು, ಆ ದಿನ ದಾಟಿದ ಮೇಲೆ ಕುಸಿದರು ಅಂತ ಫ್ರಾಂಕ್ಲ್ ಬರೆಯುತ್ತಾರೆ. ಹನನ್ಯನ ಮಾತು ನಂಬಿದರೆ ಆಗುವುದು ಅದೇ.

ರಾತ್ರಿ ಪಾಳಿ, ಬೆಳಗಾವಿ

ನಾನು ನರ್ಸ್. ಓದುವುದೆಲ್ಲ ನೈಟ್ ಡ್ಯೂಟಿಯಲ್ಲೇ, ಎರಡು ಗಂಟೆಯಿಂದ ನಾಲ್ಕರ ನಡುವೆ, ಬೆಲ್ ಬರದಿದ್ದರೆ. ದಪ್ಪ ಕಾದಂಬರಿ ಆಗುವುದಿಲ್ಲ. ದಿನಕ್ಕೊಂದು ಪುಟದ ಧ್ಯಾನವೇ ನನಗೆ ಸರಿ. ಅದಕ್ಕೇ ಅಕ್ಕಾ, ನಿಮ್ಮ 'ಸಣ್ಣ ಗೊಣಗಾಟ'ಕ್ಕೆ ನನ್ನದೂ ಒಂದು.

ಆಸ್ವಾಲ್ಡ್ ಚೇಂಬರ್ಸ್ ಅವರ ದಿನಧ್ಯಾನ ಓದಿದ್ದೀರಾ? ಇಂಗ್ಲಿಷಿನದು, 1927ರದು. ಹಸಿರು ಹುಲ್ಲುಗಾವಲು ಅದರಲ್ಲಿ ಹುಡುಕಿದರೂ ಕಡಿಮೆ. ಬೆಳಬೆಳಗ್ಗೆ ಬೈಸಿಕೊಂಡ ಹಾಗಿರುತ್ತದೆ! ಮಜಾ ಏನೆಂದರೆ ಅವರು ಅದನ್ನು ಬರೆಯಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಈಜಿಪ್ಟಿನಲ್ಲಿ ಸೈನಿಕರ ನಡುವೆ ಕೆಲಸ ಮಾಡುತ್ತಿದ್ದಾಗ 1917ರಲ್ಲಿ ತೀರಿಹೋದರು. ವಯಸ್ಸು 43. ಅಪೆಂಡಿಕ್ಸ್ ಆಪರೇಶನ್ ಆದ ಮೇಲೆ. (ಆಂಟಿಬಯೋಟಿಕ್ ಇಲ್ಲದ ಕಾಲ. ಇಂಥದ್ದು ಓದಿದಾಗ ನನ್ನ ತಲೆ ಕೆಲಸದ ಕಡೆಗೇ ಓಡುತ್ತದೆ.) ಅವರ ಹೆಂಡತಿ ಬಿಡ್ಡಿ ಶಾರ್ಟ್‌ಹ್ಯಾಂಡ್ ಕಲಿತವರು. ಗಂಡ ಮಾತಾಡಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಪುಟ್ಟ ಮಗಳನ್ನು ಸಾಕುತ್ತಾ, ಬಾಡಿಗೆಗೆ ಇದ್ದ ವಿದ್ಯಾರ್ಥಿಗಳಿಗೆ ಅಡುಗೆ ಮಾಡಿ ಹಾಕುತ್ತಾ, ಆ ಟಿಪ್ಪಣಿಗಳಿಂದ ಪುಸ್ತಕ ಕಟ್ಟಿದರು. ಮುನ್ನುಡಿಯ ಕೆಳಗೆ ಬರೀ ಎರಡು ಇನಿಶಿಯಲ್, ಬಿ.ಸಿ. ಹೊದಿಕೆಯ ಮೇಲೆ ಅವರ ಹೆಸರೇ ಇಲ್ಲ. ಯಾರು ಮಾಡಿದ್ದು ಅಂತ ಪತ್ತೆ ಹಚ್ಚುವುದು ಇಲ್ಲೂ ಬೇಕಾಗುತ್ತದೆ ನೋಡಿ.

ಅಳುವ ಕೀರ್ತನೆಗಳ ಬಗ್ಗೆ ನೀವು ಹೇಳಿದ್ದು ನಿಜ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸಾಲಿನ ಸಮಾಧಾನವೂ ಇಲ್ಲ. ಐಸಿಯು ಹೊರಗೆ ಕೂತವರಿಗೆ ನಾನು 23 ಓದಿ ಹೇಳಿದ್ದೂ ಇದೆ, 88 ಓದಿ ಹೇಳಿದ್ದೂ ಇದೆ. ಒಬ್ಬರು 88 ಕೇಳಿ "ಇದು ಬೈಬಲಿನಲ್ಲಿ ಇದೆಯಾ?" ಅಂತ ಕೇಳಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು.

ಆದರೂ ಒಂದು ಹೇಳಲೇಬೇಕು. ಡ್ಯೂಟಿಯಲ್ಲಿ ಸಾವು ನೋಡಿ ಬಂದ ದಿನ ಕೊಲೆ ಕಥೆ ನನಗೆ ಆಗುವುದಿಲ್ಲ. ಸತ್ಯವೇದಕ್ಕೆ ಹತ್ತಿರವೋ ದೂರವೋ ಆಮೇಲೆ.

ಕೊಂಕಣಿ ಮನೆ, ಖಾನಾಪುರ

ಇಲ್ಲಿ ಕಥೋಲಿಕರು ಯಾರೂ ಇಲ್ಲವಾ? ಸರಿ, ನಾನೇ ಬರುತ್ತೇನೆ.

ಅಕ್ಕನ ವಾದಕ್ಕೆ ಬೇಕಾದ ದೊಡ್ಡ ಸಾಕ್ಷಿ ನಮ್ಮ ಬೈಬಲಿನಲ್ಲಿದೆ. ದಾನಿಯೇಲನ ಪುಸ್ತಕದ 13ನೇ ಅಧ್ಯಾಯ, ಸುಸನ್ನಳ ಕಥೆ. ಇಬ್ಬರು ಹಿರಿಯರು ಒಬ್ಬ ಹೆಂಗಸಿನ ಮೇಲೆ ಕಣ್ಣು ಹಾಕುತ್ತಾರೆ. ಅವಳು ಒಪ್ಪುವುದಿಲ್ಲ. ತೋಟದಲ್ಲಿ ಒಬ್ಬ ಹುಡುಗನ ಜೊತೆ ಇದ್ದಳು ಅಂತ ಸುಳ್ಳು ಹೇಳಿ ಮರಣದಂಡನೆ ಕೊಡಿಸುತ್ತಾರೆ. ಹುಡುಗ ದಾನಿಯೇಲ ನಡುವೆ ಬಂದು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ? ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಮುಗಿಯಿತು. ಇವತ್ತಿಗೂ ಸಾಕ್ಷಿಗಳನ್ನು ಬೇರೆ ಬೇರೆ ಕೂಡಿಸಿಯೇ ಕೇಳುತ್ತಾರಲ್ಲ!

14ನೇ ಅಧ್ಯಾಯದಲ್ಲಿ ಬೇಲ್ ದೇವತೆಯ ಗುಡಿ. ರಾತ್ರಿ ಇಟ್ಟ ಎಡೆ ಬೆಳಗ್ಗೆ ಖಾಲಿ. ಬಾಗಿಲಿಗೆ ಮುದ್ರೆ ಹಾಗೇ ಇದೆ. ದಾನಿಯೇಲ ಮಾಡಿದ್ದೇನು? ಬಾಗಿಲು ಹಾಕುವ ಮುಂಚೆ ನೆಲದ ಮೇಲೆ ಬೂದಿ ಉದುರಿಸಿದ. ಬೆಳಗ್ಗೆ ನೋಡಿದರೆ ಬೂದಿಯ ತುಂಬ ಗಂಡಸರು, ಹೆಂಗಸರು, ಮಕ್ಕಳ ಹೆಜ್ಜೆ. ಪೂಜಾರಿಗಳು ಸಂಸಾರ ಸಮೇತ ಕಳ್ಳದಾರಿಯಿಂದ ಬಂದು ತಿಂದು ಹೋಗುತ್ತಿದ್ದರು. ಇಂಗ್ಲಿಷ್ ಲೇಖಕಿ ಡೊರೋತಿ ಸೇಯರ್ಸ್ 1928ರಲ್ಲಿ ಪತ್ತೇದಾರಿ ಕಥೆಗಳ ಸಂಕಲನ ಮಾಡಿದಾಗ ಈ ಎರಡನ್ನೂ ಅದರಲ್ಲಿ ಸೇರಿಸಿದರು. ಆಕೆಯೂ ಗಟ್ಟಿ ಕ್ರೈಸ್ತ ಹೆಂಗಸು. ಪತ್ತೇದಾರಿ ಬರೆದರು, ಯೇಸುವಿನ ಜೀವನ ಕುರಿತು ರೇಡಿಯೊ ನಾಟಕಗಳನ್ನೂ ಬರೆದರು.

ಫಾದರ್ ರೊನಾಲ್ಡ್ ನಾಕ್ಸ್ ಅಂತ ಒಬ್ಬರಿದ್ದರು. ಇಡೀ ಬೈಬಲನ್ನು ಒಬ್ಬರೇ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದವರು. ಅವರೇ ಪತ್ತೇದಾರಿ ಕಾದಂಬರಿ ಬರೆದು, 1929ರಲ್ಲಿ ಆ ಬಗೆಯ ಕಥೆಗಳಿಗೆ ಹತ್ತು ನಿಯಮ ಹಾಕಿದರು. ದೆವ್ವ ಭೂತ ತರಬಾರದು. ಒಂದಕ್ಕಿಂತ ಜಾಸ್ತಿ ಕಳ್ಳದಾರಿ ಇರಬಾರದು. ಬೇಲ್ ಗುಡಿಯಲ್ಲಿ ಇದ್ದದ್ದು ಒಂದೇ, ದಾನಿಯೇಲ ಪಾಸು!

ಇನ್ನು ಚೆಸ್ಟರ್‌ಟನ್ ಅವರ ಪತ್ತೇದಾರಿ ಕಥೆಗಳ ಫಾದರ್ ಬ್ರೌನ್. ಮೊದಲ ಸಂಕಲನ 1911. ಮೋಟು, ಗುಂಡು, ಛತ್ರಿ ಬೀಳಿಸಿಕೊಂಡು ಓಡಾಡುವ ಪಾದ್ರಿ. ದಿನವಿಡೀ ಪಾಪನಿವೇದನೆ ಕೇಳುವವನಿಗೆ ಪಾಪ ಗೊತ್ತಿಲ್ಲ ಅಂದುಕೊಂಡವರು ಅವನ ಕೈಗೆ ಸಿಕ್ಕಿಬೀಳುತ್ತಾರೆ. ಹೇಗೆ ಕಂಡುಹಿಡಿಯುತ್ತೀರಿ ಅಂತ ಕೇಳಿದರೆ ಅವನ ಉತ್ತರ: ಆ ಕೊಲೆ ನಾನೇ ಮಾಡುವಷ್ಟರ ಮಟ್ಟಿಗೆ ಕೊಲೆಗಾರನ ಮನಸ್ಸಿನೊಳಗೆ ಹೋಗುತ್ತೇನೆ. ನಾನು ಅವನಿಗಿಂತ ಮೇಲಿನವನಲ್ಲ ಅನ್ನುವುದೇ ಅವನ ಉಪಾಯ. ಇದನ್ನು ಯಾವ ವ್ಯಕ್ತಿತ್ವ ವಿಕಸನದ ಪುಸ್ತಕ ಹೇಳಿಕೊಡುತ್ತದೆ?

ನಿವೃತ್ತ ಮಾಸ್ತರ್, ಗುಳೇದಗುಡ್ಡ

ನಮ್ಮ ಪ್ರೊಟೆಸ್ಟಂಟರ ಸತ್ಯವೇದದಲ್ಲಿ ದಾನಿಯೇಲ 12 ಅಧ್ಯಾಯಕ್ಕೆ ಮುಗಿಯುತ್ತದೆ. ಕಥೆ ಚೆನ್ನಾಗಿರಬಹುದು. ಸತ್ಯವೇದದ ಸಾಕ್ಷಿ ಅಂತ ತರಬೇಡಿ.

ಕೊಂಕಣಿ ಮನೆ, ಖಾನಾಪುರ

ಗುರುಗಳೇ, ನಿಮ್ಮ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಅವರೇ ತಮ್ಮ ಬೈಬಲಿನಲ್ಲಿ ಇಂಥ ಭಾಗಗಳನ್ನು ಬೇರೆಯಾಗಿ ಇಟ್ಟು, ಪವಿತ್ರ ಗ್ರಂಥಕ್ಕೆ ಸಮ ಅಲ್ಲ, ಆದರೆ ಓದಲು ಒಳ್ಳೆಯವು ಅಂದಿದ್ದರು. ಓದಿ ಅಂತಲೇ ನಾನೂ ಹೇಳಿದ್ದು.

ನಿವೃತ್ತ ಮಾಸ್ತರ್, ಗುಳೇದಗುಡ್ಡ

ಲೂಥರರನ್ನು ಕಥೋಲಿಕರ ಬಾಯಲ್ಲಿ ಕೇಳುವ ಭಾಗ್ಯ! ಬೂದಿಯ ಉಪಾಯ ಮಾತ್ರ ಭಾರಿ ಇದೆ, ಅಷ್ಟು ಒಪ್ಪಿದೆ.

ಇಬ್ಬರು ಮಕ್ಕಳ ತಾಯಿ, ತಿಲಕವಾಡಿ

ನೀವೆಲ್ಲ ನೂರು ವರ್ಷ ಹಿಂದಿನ ಪುಸ್ತಕ ಮಾತಾಡುತ್ತಿದ್ದೀರಿ. ನನ್ನ ಮಗಳು ಎಂಟನೇ ಕ್ಲಾಸು. ಅವಳು ಓದುವ ಥ್ರಿಲ್ಲರಿನಲ್ಲಿ ಹೆಣ ಹೇಗೆ ಕತ್ತರಿಸಿದರು ಅಂತ ಎರಡು ಪುಟ ಇತ್ತು. ಕೊಲೆ ಮಾಡಿದವನೇ ಹೀರೋ. ಕೊನೆಗೆ ಸಿಕ್ಕಿಯೂ ಬೀಳುವುದಿಲ್ಲ, ಎರಡನೇ ಭಾಗ ಬರಬೇಕಲ್ಲ! ಇದೂ ಸತ್ಯವೇದಕ್ಕೆ ಹತ್ತಿರವಾ? ಸಂಡೇ ಸ್ಕೂಲಿನಲ್ಲಿ ಯಾರಾದರೂ ಕೇಳಿದರೆ ನಾನು ಏನು ಹೇಳಲಿ?

ಕ್ಯಾಂಪ್ ಓದುಗಿ, ಬೆಳಗಾವಿ

ಅದು ಹತ್ತಿರ ಅಲ್ಲ. ಅದನ್ನು ಅವಳ ಕೈಗೆ ಕೊಡಬೇಡಿ.

ರಕ್ತ ಇದೆ ಅಂತ ಅಲ್ಲ. ರಕ್ತ ಸತ್ಯವೇದದಲ್ಲೂ ಬೇಕಾದಷ್ಟಿದೆ. ನ್ಯಾಯಸ್ಥಾಪಕರ 3ನೇ ಅಧ್ಯಾಯ ಸಂಡೇ ಸ್ಕೂಲಿನಲ್ಲಿ ಯಾಕೆ ಓದಿಸುವುದಿಲ್ಲ ಅಂತ ನನಗೆ ಗೊತ್ತು. ಎಡಗೈ ಏಹೂದ ಬಲ ತೊಡೆಗೆ ಕತ್ತಿ ಕಟ್ಟಿ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ದಪ್ಪ ರಾಜನ ಹತ್ತಿರ ಹೋಗುತ್ತಾನೆ. ಗುಟ್ಟಿನ ಮಾತಿದೆ ಅಂತಾನೆ. ಕೆಲಸ ಮುಗಿಸಿ ಬಾಗಿಲು ಹಾಕಿ ಹೋಗಿಬಿಡುತ್ತಾನೆ. ಆಳುಗಳು ರಾಜ ಶೌಚಕ್ಕೆ ಕೂತಿರಬೇಕು ಅಂತ ಹೊರಗೇ ಕಾಯುತ್ತಾರೆ! ಬೀಗ ಹಾಕಿದ ಕೋಣೆಯ ಕೊಲೆ ಅಂದರೆ ಇದೇ.

ನಾನು ನೋಡುವುದು ಸತ್ತವರಿಗೆ ಕಥೆಯಲ್ಲಿ ಬೆಲೆ ಇದೆಯಾ ಅಂತ. ಸತ್ತವಳಿಗೆ ಒಂದು ಹೆಸರು, ಒಬ್ಬ ಅವ್ವ, ಅರ್ಧ ಮಾಡಿಟ್ಟ ಕೆಲಸ ಇದೆಯಾ? ಅವಳಿಗಾಗಿ ಯಾರಾದರೂ ನಿದ್ದೆಗೆಡುತ್ತಾರಾ? ಇದ್ದರೆ ಓದುತ್ತೇನೆ. ಹೆಣ ಬರೀ ಅಲಂಕಾರಕ್ಕೆ ಬಿದ್ದಿದ್ದರೆ ಅರ್ಧಕ್ಕೇ ಬಿಡುತ್ತೇನೆ, ಯಾರು ಮಾಡಿದ್ದು ಅಂತ ಗೊತ್ತಾಗದಿದ್ದರೂ ಪರವಾಗಿಲ್ಲ.

ಮಗಳ ಜೊತೆ ಎಸ್ತೇರಳ ಪುಸ್ತಕ ಓದಿ. ಹತ್ತೇ ಅಧ್ಯಾಯ, ಒಂದೇ ಕೂತಿಗೆ ಆಗುತ್ತದೆ. 5ನೇ ಅಧ್ಯಾಯ ಮುಗಿಯುವಾಗ ರಾಜನ ಮಂತ್ರಿ ಹಾಮಾನ, ಎಸ್ತೇರಳನ್ನು ಸಾಕಿದ ಮೊರ್ದೆಕೈಗೆ ಗಲ್ಲು ಮರ ನಿಲ್ಲಿಸಿರುತ್ತಾನೆ. ಅದೇ ರಾತ್ರಿ ರಾಜನಿಗೆ ನಿದ್ದೆ ಬರುವುದಿಲ್ಲ. ಹಳೆಯ ದಫ್ತರ ಓದಿಸುತ್ತಾನೆ. ಅಲ್ಲಿಂದ ಇಡೀ ಕಥೆ ತಿರುಗುತ್ತದೆ. ಇಷ್ಟಾದರೂ ಹೀಬ್ರೂ ಎಸ್ತೇರಳಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ. ಹಾಗಾದರೆ ರಾಜನ ನಿದ್ದೆ ಕೆಡಿಸಿದ್ದು ಯಾರು ಅಂತ ಮಗಳನ್ನೇ ಕೇಳಿ.

ಯುವಜನ ಸಂಘ, ಹಿಂಡಲಗಾ

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. 'ಕ್ರೈಸ್ತ ಸಸ್ಪೆನ್ಸ್' ಅಂತಲೇ ಮಾರುವ ಕಾದಂಬರಿಗಳು ಇಂಗ್ಲಿಷಿನಲ್ಲಿ ರಾಶಿ ಇವೆ. ಫ್ರಾಂಕ್ ಪೆರೆಟ್ಟಿ 1986ರಲ್ಲಿ ಒಂದು ಬರೆದರು. ಒಂದು ಸಣ್ಣ ಊರು, ಮೇಲೆ ದೇವದೂತರಿಗೂ ದುರಾತ್ಮಗಳಿಗೂ ಕತ್ತಿಯ ಕಾಳಗ. ಕೈಯಿಂದ ಕೆಳಗಿಡಲು ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಹುಡುಗರು ಅದನ್ನು ಓದಿ ಎಲ್ಲದಕ್ಕೂ ದುರಾತ್ಮ ಅನ್ನಲು ಶುರು ಮಾಡಿದರು. ತಲೆನೋವಿಗೆ ಒಂದು ಆತ್ಮ, ಸೋಮಾರಿತನಕ್ಕೆ ಒಂದು ಆತ್ಮ, ಮೈಕ್ ಕೆಟ್ಟರೆ ಅದಕ್ಕೂ ಒಂದು. ಗಂಡ ಕುಡಿದು ಬಂದು ಹೊಡೆಯುತ್ತಾನೆ ಅಂತ ಹೇಳಿಕೊಂಡ ಹೆಂಗಸಿಗೂ 'ಆ ಆತ್ಮವನ್ನು ಬಿಡಿಸೋಣ' ಅಂತ ಒಬ್ಬ ಉತ್ತರ ಕೊಟ್ಟ. ಹೊಡೆದವನನ್ನು ಯಾರೂ ಏನೂ ಕೇಳಲಿಲ್ಲ.

ಪಿಡಿಒ ಆಕಾಂಕ್ಷಿ, ವಿಜಯಪುರ

ಅಣ್ಣಾ, 'ತುಳಸಿದಳ' ಓದಿದ ಕಾಲದಲ್ಲಿ ನಮ್ಮ ಓಣಿಯಲ್ಲೂ ಹೀಗೇ ಆಗಿತ್ತಂತೆ. ಮಗುವಿಗೆ ಜ್ವರ ಬಂದರೆ ಯಾರೋ ಮಾಟ ಮಾಡಿದ್ದಾರೆ ಅಂತ. ಅವ್ವ ಈಗಲೂ ಆ ಪುಸ್ತಕ ಮುಟ್ಟುವುದಿಲ್ಲ.

ಕ್ಯಾಂಪ್ ಓದುಗಿ, ಬೆಳಗಾವಿ

ಹಿಂಡಲಗಾದವರು ಹೇಳಿದ ಆ ಹೆಂಗಸಿನ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಫಾದರ್ ನಾಕ್ಸ್ ದೆವ್ವ ತರಬಾರದು ಅಂತ ನಿಯಮ ಹಾಕಿದ್ದು ಕಥೆಯ ಚೆಂದಕ್ಕೆ ಇರಬಹುದು. ನನಗೆ ಅದು ನ್ಯಾಯದ ಮಾತಾಗಿಯೂ ಕಾಣುತ್ತದೆ. ದೆವ್ವ ಮಾಡಿತು ಅಂದ ಕೂಡಲೇ ಹೊಡೆದ ಕೈ ಪಾರಾಗುತ್ತದೆ. ನಿನ್ನ ಮನೋಭಾವ ಸರಿಯಿಲ್ಲ ಅಂದ ಕೂಡಲೇ ಏಟು ತಿಂದವಳೇ ತಪ್ಪಿತಸ್ಥಳಾಗುತ್ತಾಳೆ. ಎರಡರಲ್ಲೂ ಕಾಯಿನನನ್ನು ಕೇಳುವವರು ಇಲ್ಲ. ಆ ಅಕ್ಕನಿಗೆ 181 ಸಹಾಯವಾಣಿ ಇದೆ ಅಂತ ದಯವಿಟ್ಟು ಯಾರಾದರೂ ಹೇಳಿ.

ಯುವಜನ ಸಂಘ, ಹಿಂಡಲಗಾ

ಹೇಳಿದ್ದೇವೆ. ಸ್ತ್ರೀಯರ ಸಂಘದವರು ಜೊತೆಗೆ ಹೋಗಿದ್ದರು.

ಪಿಡಿಒ ಆಕಾಂಕ್ಷಿ, ವಿಜಯಪುರ

ಒಳ್ಳೆಯದಾಯಿತು.

ಖಾನಾಪುರದ ಅಣ್ಣಾವರು ಹೇಳಿದ ಫಾದರ್ ಬ್ರೌನ್ ಎಲ್ಲಿ ಸಿಗುತ್ತದೆ? ದುಡ್ಡು ಕಮ್ಮಿ ಇದೆ.

ಕೊಂಕಣಿ ಮನೆ, ಖಾನಾಪುರ

ದುಡ್ಡೇ ಬೇಡ ತಮ್ಮಾ. ಚೆಸ್ಟರ್‌ಟನ್ 1936ರಲ್ಲೇ ಹೋದರು, ಹಕ್ಕುಸ್ವಾಮ್ಯ ಮುಗಿದಿದೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಸ್ವಲ್ಪ ಗಟ್ಟಿ. ಒಂದು ಪ್ಯಾರಾದಲ್ಲಿ ಆಕಾಶದ ಬಣ್ಣವನ್ನೇ ಹೇಳುತ್ತಾ ಕೂರುತ್ತಾರೆ, ಅದನ್ನು ದಾಟಿಬಿಡು. ಮೊದಲ ಕಥೆ 'ನೀಲಿ ಶಿಲುಬೆ' ಒಂದನ್ನೇ ಓದು. ಪರೀಕ್ಷೆಯ ಇಂಗ್ಲಿಷಿಗೂ ಅಭ್ಯಾಸ ಆಗುತ್ತದೆ.

ಪಿಡಿಒ ಆಕಾಂಕ್ಷಿ, ವಿಜಯಪುರ

ಓದಿದೆ. ಡಿಕ್ಷನರಿ ಇಟ್ಟುಕೊಂಡೇ ಓದಿದೆ. ಸಕ್ಕರೆ ಡಬ್ಬಿಯಲ್ಲಿ ಉಪ್ಪು ಹಾಕುತ್ತಾನೆ, ಗೋಡೆಗೆ ಸಾರು ಎರಚುತ್ತಾನೆ, ಕಿಟಕಿ ಒಡೆಯುತ್ತಾನೆ. ಪಾದ್ರಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಪೊಲೀಸರಿಗೆ ದಾರಿ ಗೊತ್ತಾಗಲಿ ಅಂತ ಬೇಕಂತಲೇ ಮಾಡಿದ್ದಂತೆ! ಕಳ್ಳ ಪಾದ್ರಿ ವೇಷ ಹಾಕಿದ್ದು ಅವನಿಗೆ ಹೇಗೆ ಗೊತ್ತಾಯಿತು ಅನ್ನುವುದು ಇನ್ನೂ ಮಜಾ. ಕಳ್ಳ ಬುದ್ಧಿಯನ್ನೇ ಬೈದನಂತೆ, ನಿಜವಾದ ಪಾದ್ರಿ ಹಾಗೆ ಮಾತಾಡುವುದಿಲ್ಲವಂತೆ.

ಇಬ್ಬರು ಮಕ್ಕಳ ತಾಯಿ, ತಿಲಕವಾಡಿ

ಎಲ್ಲ ಬಿಚ್ಚಿ ಹೇಳಿಬಿಟ್ಟಿರಲ್ಲ! ಮಗಳಿಗೆ ಇವತ್ತೇ ಡೌನ್‌ಲೋಡ್ ಮಾಡಿ ಕೊಟ್ಟಿದ್ದೆ, ನಾನೂ ಓದೋಣ ಅಂತಿದ್ದೆ.

ಪಿಡಿಒ ಆಕಾಂಕ್ಷಿ, ವಿಜಯಪುರ

ಕ್ಷಮಿಸಿ ಅಕ್ಕಾ. ಇನ್ನೂ ಹನ್ನೊಂದು ಕಥೆ ಇವೆ ಆ ಪುಸ್ತಕದಲ್ಲಿ. ಆ ಫ್ರೆಂಚ್ ಪೊಲೀಸ್ ಅಧಿಕಾರಿ ವ್ಯಾಲಂಟಿನ್ ನನಗೆ ಬಹಳ ಹಿಡಿಸಿದರು. ಒಳ್ಳೆ ಶಿಸ್ತಿನ ಮನುಷ್ಯ. ಪಿಎಸ್‌ಐ ಓದುವ ಗೆಳೆಯನಿಗೂ ಅವರ ಬಗ್ಗೆ ಹೇಳಿದ್ದೇನೆ. ಮುಂದಿನ ಕಥೆಯಲ್ಲೂ ಇದ್ದಾರೆ ತಾನೆ?

ನಿವೃತ್ತ ಮಾಸ್ತರ್, ಗುಳೇದಗುಡ್ಡ

ಇದ್ದಾರೆ ಇದ್ದಾರೆ. ಎರಡನೇ ಕಥೆ ಓದಿ ಬಾ ತಮ್ಮಾ, ಆಮೇಲೆ ವ್ಯಾಲಂಟಿನ್ ಬಗ್ಗೆ ಮಾತಾಡೋಣ. ಉಳಿದವರು ಯಾರೂ ಬಾಯಿ ಬಿಡಬೇಡಿ. ಖಾನಾಪುರದವರೇ, ನಿಮಗೇ ಹೇಳಿದ್ದು.